ಬಸ್ಸಿನಲ್ಲಿ ಆಡಬಾರದ ಮಾತು

ಸರಿಯುತ್ತರ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಮೇಷ್ಟರನ್ನು ನಾನಂತೂ ಕಂಡಿಲ್ಲ. ಭೌತಶಾಸ್ತ್ರ ಹೇಳಿಕೊಡುವ ನನಗೆ ಆ ಚಟ ಸ್ವಲ್ಪ ಹೆಚ್ಚೇ. ಊಟಕ್ಕೆ ಕೂತಾಗ ಹೆಂಡತಿ, "ಸಾರಿಗೆ ಉಪ್ಪು ಕಮ್ಮಿಯಾಯಿತೇನೋ" ಎಂದರೂ "ರೈಟ್!" ಎಂದು ಕೂಗಿ ಅದರ ಫಲ ಉಂಡಿದ್ದೇನೆ. ಆದರೆ ಮನೆಯಲ್ಲಿ ಆ ಮಾತಿಗೆ ಯಾರೂ ಬಸ್ಸು ಬಿಡುವುದಿಲ್ಲ.

ಆ ದಿನ ಪಡುಬಿದ್ರಿಯಿಂದ ಉಡುಪಿಗೆ ಹೊರಟ ಬಸ್ಸಿನಲ್ಲಿ, ಡ್ರೈವರನ ಬೆನ್ನ ಹಿಂದೆಯೇ ಕುಳಿತು, ಗಣಿತದ ಶೆಟ್ಟರಿಗೆ ಪತ್ರಿಕೆಯಲ್ಲಿ ಓದಿದ್ದನ್ನು ವಿವರಿಸುತ್ತಿದ್ದೆ. ಅಣುಗಳಿಗೆ ನನ್ನ ಹಾಗೆಯೇ ಸುಮ್ಮನಿರಲು ಬಾರದು. ಅವು ಅಲುಗುವುದನ್ನು, ಮುರಿಯುವುದನ್ನು ನೋಡಲು ವಿಜ್ಞಾನಿಗಳು ಅತಿ ಚುಟುಕಾದ ಎಕ್ಸ್‌ರೇ ಮಿಂಚು ಹಾಯಿಸಿ ಚಿತ್ರ ತೆಗೆಯುತ್ತಾರಂತೆ. ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ, ಅದರಲ್ಲೊಂದು ಚೂರನ್ನು ಮತ್ತೆ ಹತ್ತು ಲಕ್ಷ ಚೂರು ಮಾಡಿದರೆ ಫೆಮ್ಟೊಸೆಕೆಂಡು. ಅಂಥ ಕೆಲವು ಚೂರುಗಳಷ್ಟೇ ಆ ಮಿಂಚಿನ ಆಯಸ್ಸು.

ಕಾಪುವಿನಲ್ಲಿ ಬಸ್ಸು ನಿಂತಿತು. ಮೀನು ಮಾರುವ ಗಿರಿಜಕ್ಕ ಖಾಲಿ ಬುಟ್ಟಿ ಹಿಡಿದು ಇಳಿಯತೊಡಗಿದರು. ಶೆಟ್ಟರು ಕೇಳಿದರು: "ಮಿಂಚು ಚುಟುಕಾದಷ್ಟೂ ಚಿತ್ರ ಕಲಸಿಹೋಗುವುದು ಕಮ್ಮಿ, ಅಲ್ವಾ?"

"ರೈಟ್!" ಎಂದೆ, ಕೊನೆಯ ಬೆಂಚಿಗೂ ಕೇಳುವ ಹಾಗೆ.

ನಮ್ಮ ಬಸ್ಸುಗಳಲ್ಲಿ ಆ ಮಾತಾಡುವ ಹಕ್ಕು ಕಂಡಕ್ಟರನದು ಮಾತ್ರ. ಬಸ್ಸು ಹೊರಟೇಬಿಟ್ಟಿತು. ಗಿರಿಜಕ್ಕನ ಒಂದು ಕಾಲು ಮೆಟ್ಟಿಲಲ್ಲಿ, ಇನ್ನೊಂದು ಗಾಳಿಯಲ್ಲಿ. ಬುಟ್ಟಿ ಹಿಂದಿನ ಚಕ್ರದಡಿ ಚಪ್ಪಟೆಯಾಯಿತು. ಕಂಡಕ್ಟರ್ ಸತೀಶ ಅವರ ರಟ್ಟೆ ಹಿಡಿದು ಒಳಗೆಳೆದ. ಕಾಲು, ಗಾಳಿ, ಬುಟ್ಟಿ, ಚಕ್ರ: ಈಗಲೂ ಕಣ್ಣು ಮುಚ್ಚಿದರೆ ಒಂದೊಂದೇ ಬರುತ್ತವೆ. ಒಂದು ಚಿತ್ರವೂ ಕಲಸಿಲ್ಲ.

"ಎಂತ ಮಾರಾಯ, ನಾನು ಇಳಿಯುವುದು ಬೇಡ್ವಾ?" ಗಿರಿಜಕ್ಕ ಸತೀಶನ ಮೇಲೆ ಹರಿಹಾಯ್ದರು.

"ನಾನು ರೈಟ್ ಹೇಳ್ಲೇ ಇಲ್ಲ ಅಕ್ಕ!"

"ಮತ್ತೆ ನನ್ನ ಬುಟ್ಟಿ ಹೇಳಿತಾ?"

ಡ್ರೈವರ್ ಬ್ರೇಕ್ ಒತ್ತಿ ಸತೀಶನತ್ತ ತಿರುಗಿದ. "ನನಗೆ ಸರಿಯಾಗಿ ಕೇಳಿದೆ. ಉಡುಪಿಯಲ್ಲಿ ಧಣಿಗಳಿಗೆ ಹೇಳ್ತೇನೆ. ನಾಳೆಯಿಂದ ನೀನು ಮನೆಯಲ್ಲಿ ಕೂತ್ಕೋ."

ಗಿರಿಜಕ್ಕ ಬೈಯುತ್ತಲೇ ಇಳಿದರು. ಬಸ್ಸು ಹೊರಟಿತು. ಶೆಟ್ಟರು ನನ್ನನ್ನು ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಸತೀಶ ತಲೆ ತಗ್ಗಿಸಿ ಟಿಕೇಟು ಹರಿಯುತ್ತಿದ್ದ. ಕಟಪಾಡಿ ಬಂದಾಗಷ್ಟೇ ನಾನು ಎದ್ದು, "ಹೇಳಿದ್ದು ಅವನಲ್ಲ, ನಾನು" ಎಂದೆ.

"ಇಷ್ಟು ಹೊತ್ತು ಎಂತ ಮಾಡ್ತಿದ್ರಿ ಮೇಷ್ಟ್ರೇ?" ಎಂದ ಸತೀಶ. ಅವನ ಕೆಲಸ ಉಳಿಯಿತು. ಮರುದಿನ ಗಿರಿಜಕ್ಕನಿಗೆ ಹೊಸ ಬುಟ್ಟಿ ಕೊಟ್ಟೆ. "ಇದು ಇರಲಿ. ನಾನು ಇಳಿಯುವಾಗ ನಿಮ್ಮ ಪಾಠ ಮಾತ್ರ ಬೇಡ" ಎಂದರು.

ಈಗ ನನ್ನ ಜಾಗ ಹಿಂದಿನ ಸೀಟು. ಬಸ್ಸು ನಿಂತಾಗಲೆಲ್ಲ ಮೆಟ್ಟಿಲ ಕಡೆ ನೋಡುತ್ತೇನೆ. ಮೊನ್ನೆ ಶೆಟ್ಟರು ಟಿಕೇಟಿನ ಹಿಂಬದಿಯಲ್ಲಿ ಏನೋ ಗೀಚಿ ಕೊಟ್ಟರು. ಆ ದಿನ ಕಾಪುವಿನಿಂದ ಕಟಪಾಡಿಗೆ ಎಷ್ಟು ಫೆಮ್ಟೊಸೆಕೆಂಡು ಹಿಡಿಯಿತು ಎಂಬ ಲೆಕ್ಕ. ಸೊನ್ನೆಗಳು ಅಂಚಿನವರೆಗೂ ಹೋಗಿದ್ದವು. "ಸರಿ ಉಂಟಾ ನೋಡಿ" ಎಂದರು.

ಸರಿಯಾಗಿಯೇ ಇತ್ತು. ಬಾಯಿಗೆ ಕೈ ಅಡ್ಡ ಹಿಡಿದು ತಲೆಯಾಡಿಸಿದೆ.