ಮೆಡಿಟರೇನಿಯನ್‌ನಲ್ಲಿ ರಾಗಿ ಸರಿ

ನಮ್ಮತ್ತೆಯ ಪ್ರಕಾರ ಈ ಜಗತ್ತಿನಲ್ಲಿ ಎರಡೇ ಬಗೆಯ ದೇಶಗಳಿವೆ: ರಾಗಿ ಸಿಗುವವು, ರಾಗಿ ಸಿಗದವು! ಒಮಾನ್ ಹೇಗೋ ಮೊದಲ ಗುಂಪಿಗೆ ಸೇರಿ ಮರ್ಯಾದೆ ಉಳಿಸಿಕೊಂಡಿತು. ಯುರೋಪು ಪೂರ್ತಿ ಫೇಲ್.

ಅತ್ತೆ ಎಂದರೆ ನನ್ನವರ ಸೋದರತ್ತೆ, ಮೈಸೂರಿನವರು. ನನ್ನಮ್ಮ ತೀರಿಕೊಂಡ ವರ್ಷವೇ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಇನ್ನು ಯಾರು ಗತಿ ಎಂದು ನಾನು ಅಳುತ್ತ ಕೂತಿದ್ದಾಗ, ಯಾರೂ ಕರೆಯದೆಯೇ ಮಸ್ಕತ್‌ಗೆ ಬಂದಿಳಿದವರು ಇವರು. ಅಲ್ ಅಜೈಬಾದ ನಮ್ಮ ಕಟ್ಟಡದ ತಾರಸಿಯಲ್ಲಿ ಮೊಳಕೆ ಕಟ್ಟಿದ ರಾಗಿ ಒಣಹಾಕಿದರು. ಆ ರಾಗಿ ಕೊಟ್ಟ ಅಂಗಡಿಯ ಬ್ಯಾರಿ ಕಾಕಾನಿಂದ ಎರಡು ಅರಬ್ಬಿ ಪದವನ್ನೂ ಕಲಿತರು. ಮಗುವಿಗೆ ಸರಿ ತಿನ್ನಿಸಲು ಕೂತಾಗ "ಯಲ್ಲಾ!", ಮುಗಿದ ಮೇಲೆ ಬಟ್ಟಲು ಬೋರಲು ಹಾಕಿ "ಖಲಾಸ್!" ಇಷ್ಟರಲ್ಲೇ ಇಡೀ ಗಲ್ಫನ್ನು ನಿಭಾಯಿಸಿದರು, ನಂಬುತ್ತೀರಾ?

ಮಗುವಿಗೆ ಎಂಟು ತಿಂಗಳಾದಾಗ ನನ್ನವರಿಗೆ ಮೆಡಿಟರೇನಿಯನ್ ಕ್ರೂಸಿನ ಹುಚ್ಚು ಹಿಡಿಯಿತು. "ಹಡಗಲ್ಲಿ ಹೊತ್ತು ಗೊತ್ತಿಲ್ದೆ ಊಟ ಹಾಕ್ತಾರೆ ಅತ್ತೆ, ನೀವು ಏನೂ ಹೊರಬೇಡಿ" ಎಂದರು. "ಆಯ್ತು ಕಣಪ್ಪ" ಎಂದ ಅತ್ತೆ, ಸರಿಹಿಟ್ಟಿನ ಡಬ್ಬಿಯನ್ನು ಸದ್ದಿಲ್ಲದೆ ಸೀರೆಯಲ್ಲಿ ಸುತ್ತಿದರು.

ಬಾರ್ಸಿಲೋನಾದಲ್ಲಿ ಹಡಗು ಹತ್ತುವಾಗ ಡಬ್ಬಿ ಸಿಕ್ಕಿಬಿತ್ತು. ಕಂದು ಬಣ್ಣದ ಪುಡಿ! ತಪಾಸಣೆಯವನ ಹುಬ್ಬು ಮೇಲೇರಿತು. ರಾಗಿಗೆ ನಾನು ಇಂಗ್ಲಿಷ್ ಹುಡುಕುವಷ್ಟರಲ್ಲಿ ಅತ್ತೆ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೇಬಿಟ್ಟರು. ಆಮೇಲೆ ಕೆಮ್ಮಿದರು. ಅವನ ಬಿಳಿ ಅಂಗಿಗೆ ರಾಗಿಯ ಅಭಿಷೇಕ! "ಯಲ್ಲಾ" ಎಂದರು ಅತ್ತೆ, ಬಾಯೊರೆಸಿಕೊಳ್ಳುತ್ತ. ಅವನು ಅಂಗಿ ಕೊಡವಿಕೊಳ್ಳುತ್ತ ದಾರಿ ಬಿಟ್ಟ.

ಹಡಗೇನೋ ಅರಮನೆಯೇ. ಆದರೆ ಮಗಳು ಹತ್ತಿದ ಗಳಿಗೆಯಿಂದ ಬಾಯಿ ಬಿಗಿದಳು. ಅವರು ಕೊಟ್ಟ ಸೇಬಿನ ಪೇಸ್ಟು, ಆಲೂಗಡ್ಡೆ ಪೇಸ್ಟು, ಎಲ್ಲ ಥೂ! ನನ್ನ ಹಾಲನ್ನೂ ಎರಡು ಗುಟುಕು ಕುಡಿದು ಮುಖ ತಿರುಗಿಸುವಳು. ಮಾರನೆಯ ದಿನ ಅವಳು ಸೋತು ನನ್ನ ತೋಳಲ್ಲಿ ಸುಮ್ಮನೆ ಮಲಗಿಬಿಟ್ಟಾಗ ನನಗೆ ಜೀವವೇ ಬಾಯಿಗೆ ಬಂತು. "ಕಾಯಿಲೆಯೇನಿಲ್ಲ, ಹೊಟ್ಟೆಗೆ ಸ್ವಲ್ಪ ಹೋದರೆ ಸಾಕು" ಎಂದರು ಹಡಗಿನ ಡಾಕ್ಟರು. ಹೋಗಬೇಕಲ್ಲ!

ಹಿಟ್ಟಿದೆ, ಒಲೆಯಿಲ್ಲ. ಅತ್ತೆ ಡಬ್ಬಿ ಹಿಡಿದು ಊಟದ ಹಾಲ್‌ಗೆ ನುಗ್ಗಿದರು. ಮಗುವನ್ನೆತ್ತಿಕೊಂಡು ಹಿಂದೆಯೇ ನಾನು. "ಸರಿ! ಬೇಬಿ ಸರಿ!" ಎಂದು ಬಾಣಸಿಗನ ಮುಂದೆ ನಿಂತರು. ಅವನು ಪಾಪ, ಇಷ್ಟು ಹಿರಿಯರು ಯಾಕೆ ಕ್ಷಮೆ ಕೇಳುತ್ತಿದ್ದಾರೆಂದು ಗಾಬರಿಯಾಗಿ, "ನೋ ಸಾರಿ, ಮೇಡಂ! ನೋ ಸಾರಿ!" ಎಂದು ಕೈಯಾಡಿಸಿದ.

ಅತ್ತೆ ಕೆಂಡವಾದರು. "ಸರಿ ಇಲ್ವಂತೆ ಕಣೇ! ಅಷ್ಟು ಥರ ಕೇಕ್ ಮಾಡ್ತಾರೆ, ಮಗೂಗೆ ಸರಿ ಇಲ್ವಂತೆ! ಇಂಥ ಹಡಗು ತೇಲಿದ್ರೆಷ್ಟು, ಮುಳುಗಿದ್ರೆಷ್ಟು?"

"ಅತ್ತೇ, ನಾವೂ ಇದರಲ್ಲೇ ಇದೀವಿ!"

ನಾನು ಬಾಯಿ ತೆರೆದು ವಿವರಿಸುವ ಮೊದಲೇ ಅವರು ಡಬ್ಬಿ ಅವನ ಕೈಗಿತ್ತು, ಗಾಳಿಯಲ್ಲಿ ಸೌಟು ತಿರುಗಿಸಿ, ಕೆನ್ನೆಯುಬ್ಬಿಸಿ ಕುದಿಯುವ ಸದ್ದನ್ನೂ ಮಾಡಿ ತೋರಿಸಿದರು. "ಗಂಟಾಗಬಾರ್ದು, ಗೊತ್ತಾಯ್ತಾ?" ಎಂದು ಅಚ್ಚ ಕನ್ನಡದಲ್ಲಿ ಎಚ್ಚರಿಸಿದರು. ಅವನಿಗೆ ಗೊತ್ತಾಯ್ತು! ಬಿಸಿ ಬಟ್ಟಲು ಬಂದಾಗ ಆ ಪರಿಮಳಕ್ಕೇ ಮಗಳು ಕಣ್ಣರಳಿಸಿ ಬಾಯಿ ತೆರೆದಳು. ಕೊನೆಗೆ ಅತ್ತೆ "ಖಲಾಸ್!" ಎಂದಾಗ ಬಾಣಸಿಗ ಚಪ್ಪಾಳೆ ತಟ್ಟಿದ. ನಾನು ಅತ್ತುಬಿಟ್ಟೆ.

ಆಮೇಲೆ ಯಾವ ಬಂದರಿನಲ್ಲೂ ಅತ್ತೆ ಇಳಿಯಲಿಲ್ಲ. "ಆ ಹಳೇ ಕಲ್ಲು ನೋಡೋಕೆ ನಾನ್ಯಾಕೆ? ಮೈಸೂರಲ್ಲಿ ಅರಮನೇನೇ ಇದೆ. ನೀವು ಹೋಗ್ಬನ್ನಿ" ಎಂದು ಮಗುವಿನೊಡನೆ ಉಳಿದರು.

ಅಜೈಬಾಕ್ಕೆ ಮರಳಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಸಾರಿ ಅತ್ತೆ" ಎಂದೆ. "ನಮ್ಮಿಂದಾಗಿ ನೀವು ಏನೂ ನೋಡ್ಲಿಲ್ಲ."

"ಸರಿ ಬೇಕಾ?" ಎಂದವರೇ ಅಡುಗೆಮನೆಗೆ ಹೋದರು. ಬೆಲ್ಲ, ತುಪ್ಪ ಹಾಕಿದ ಬಟ್ಟಲಿನೊಂದಿಗೆ ಬಂದು ಎದುರಿಗೇ ಕೂತರು. "ಕೇಳೋಕೇನೇ ಸಂಕೋಚ? ಮಗು ಚಿಂತೇಲಿ ನೀನೂ ತಿಂದಿಲ್ಲ. ಎಷ್ಟು ಇಳಿದುಹೋಗಿದೀಯ ನೋಡು. ಯಲ್ಲಾ, ಬಾಯಿ ತೆಗಿ."

ಅವರಿಗೆ ನಿಜವಾಗಿ ಹಾಗೆ ಕೇಳಿಸಿತೋ, ಬೇಕೆಂದೇ ಹಾಗೆ ಕೇಳಿಸಿಕೊಂಡರೋ! ಅಮ್ಮ ಹೋದ ಮೇಲೆ ನನಗೆ ಯಾರೂ ತಿನ್ನಿಸಿರಲಿಲ್ಲ. ಕಣ್ಣೀರು ಸುರಿಯುತ್ತಲೇ ಇತ್ತು. ನಾನು ಸುಮ್ಮನೆ ಬಾಯಿ ತೆರೆಯುತ್ತ ಹೋದೆ. ಅತ್ತೆ ಬಟ್ಟಲು ಬೋರಲು ಹಾಕಿ ಮಗಳಿಗೆ ತೋರಿಸಿದರು.

"ನೋಡು ಪುಟ್ಟೀ, ನಿಮ್ಮಮ್ಮಂದೂ ಖಲಾಸ್!"