ಕ್ಯೋಟೊ ದೇವಸ್ಥಾನಗಳಲ್ಲಿ ನಾಲ್ವರು ಟಿಲ್ಲರ್ ಅಂಗಡಿಯವರು

ನಮ್ಮ ಕಡೆಯ ನಾಲ್ಕು ಜನ ಒಟ್ಟಿಗೆ ಹೊರಟರೆ, ಅದು ದಾವಣಗೆರೆಗೇ ಆಗಲಿ, ಜಪಾನಿಗೇ ಆಗಲಿ, ಏನಾದರೊಂದು ಆಗದೆ ವಾಪಸು ಬರುವುದಿಲ್ಲ. ಯಾರೂ ಬೇಕೆಂದು ಮಾಡುವುದಲ್ಲ. ಸುಮ್ಮನೆ ಕೂತಿದ್ದರೂ ಆಗುತ್ತದೆ.

ಚನ್ನಗಿರಿಯಲ್ಲಿ ನನ್ನದು ಪವರ್ ಟಿಲ್ಲರ್ ಅಂಗಡಿ. ಮಾರಾಟಕ್ಕಿಂತ ರಿಪೇರಿಯೇ ಹೆಚ್ಚು. ಸೂಳೆಕೆರೆ ನಾಲೆಗೆ ನೀರು ಬಿಟ್ಟರೆಂದರೆ ಕೆಸರಲ್ಲಿ ಹೂತು ನಿಂತ ಟಿಲ್ಲರುಗಳ ಯೋಗಕ್ಷೇಮ ವಿಚಾರಿಸುತ್ತ ಗದ್ದೆಯಿಂದ ಗದ್ದೆಗೆ ತಿರುಗುವುದೇ ನನ್ನ ಉದ್ಯೋಗ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಟಿಲ್ಲರ್ ಕಂಪನಿಯವರು ಈ ಭಾಗದ ನಾಲ್ವರು ಅಂಗಡಿಯವರನ್ನು ಆರಿಸಿ ಕೆಲವು ವಾರಗಳ ತರಬೇತಿಗೆಂದು ಜಪಾನಿನ ಕಾರ್ಖಾನೆಗೆ ಕಳಿಸಿದರು. ನಾನು, ಹೊನ್ನಾಳಿಯವರು, ನ್ಯಾಮತಿಯವರು, ಜಗಳೂರಿನವರು. ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು, ಈಗಲೂ ಹಾಗೆಯೇ.

ಹೊನ್ನಾಳಿಯವರು ನಮ್ಮಲ್ಲಿ ಹಿರಿಯರು, ಅರವತ್ತರ ಹತ್ತಿರ, ದೈವಭಕ್ತರು. ಅವರನ್ನು ಯಜಮಾನ್ರೇ ಎನ್ನುತ್ತಿದ್ದೆವು. ನ್ಯಾಮತಿಯವರಿಗೆ ಯಾವುದನ್ನು ಕಂಡರೂ ಮುಟ್ಟಿ, ಬಗ್ಗಿ, ಒಳಗೇನಿದೆ ಎಂದು ನೋಡದಿದ್ದರೆ ಸಮಾಧಾನವಿಲ್ಲ. ಜಗಳೂರಿನವರದು ಮಾತು ಕಡಿಮೆ, ಅವರ ಊರಿನ ಮಳೆಯ ಹಾಗೆ. ಅಲ್ಲಿ ಟಿಲ್ಲರ್ ಹೊಲ ಉತ್ತದ್ದಕ್ಕಿಂತ ಟ್ರೇಲರ್ ಎಳೆದು ನೀರಿನ ಡ್ರಮ್ಮು ಸಾಗಿಸಿದ್ದೇ ಹೆಚ್ಚು. ನಾನು ಡಿಪ್ಲೊಮಾ ಓದಿದವನೆಂದು ಇಂಗ್ಲಿಷಿನ ಭಾರ ನನ್ನ ತಲೆಗೆ ಬಿತ್ತು.

ಒಂದು ಭಾನುವಾರ ರಜೆ. ಕಾರ್ಖಾನೆಯ ಆಫೀಸಿನಲ್ಲಿದ್ದ ನಡುವಯಸ್ಸಿನ ಹೆಣ್ಣುಮಗಳೊಬ್ಬರು, ಇಂಗ್ಲಿಷ್ ಬಲ್ಲವರು, ನಮ್ಮನ್ನು ರೈಲಿನಲ್ಲಿ ಕ್ಯೋಟೊಗೆ ಕರೆದುಕೊಂಡು ಹೋದರು. ಯಜಮಾನರು ಅವರನ್ನು ಮೊದಲ ದಿನದಿಂದಲೇ ತಾಯಿ ಎಂದು ಕರೆಯುತ್ತಿದ್ದರು. ಆಕೆಯೂ ಅದು ತನ್ನ ಹುದ್ದೆಯ ಕನ್ನಡ ಹೆಸರೆಂದು ತಿಳಿದು ಓಗೊಡುತ್ತಿದ್ದರು. ಆಕೆಯ ಜಪಾನಿ ಮಾತು ಇಂಗ್ಲಿಷಿಗೆ ಇಳಿದು, ನನ್ನ ಇಂಗ್ಲಿಷಿನಲ್ಲಿ ಅರ್ಧ ಸೋರಿ, ಮಿಕ್ಕದ್ದು ಕನ್ನಡವಾಗಿ ಉಳಿದ ಮೂವರನ್ನು ತಲುಪುತ್ತಿತ್ತು.

ಎಲೆಗಳು ಕೆಂಪಾಗಿ ಉದುರುವ ಕಾಲ. ಬಿಸಿಲಿಗೆ ಸುಡುವ ಉತ್ಸಾಹವಿರಲಿಲ್ಲ. ದೇವಸ್ಥಾನಗಳಲ್ಲಿ ಜನರಿದ್ದರೂ ಸದ್ದಿಲ್ಲ. ಇಷ್ಟು ಸದ್ದಿಲ್ಲದ ದೇವಸ್ಥಾನದಲ್ಲಿ ದೇವರಿಗೆ ಹೊತ್ತು ಹೋಗುವುದು ಹೇಗೆ ಎಂದು ನ್ಯಾಮತಿಯವರು ಕೇಳಿದರು. ಅಲ್ಲಿ ಮೊದಲು ಸದ್ದು ಮಾಡಿಸಿದವರೂ ಅವರೇ.

ನಾಲಿಗೆ ಇಲ್ಲದ ಗಂಟೆ

ಮೊದಲ ದೇವಸ್ಥಾನದ ಅಂಗಳದಲ್ಲಿ ನಾಲ್ಕು ಕಂಬದ ಮಂಟಪ. ಅದರಲ್ಲಿ ಆಳೆತ್ತರದ ಕಂಚಿನ ಗಂಟೆ ತೂಗುತ್ತಿತ್ತು. ಬೇಕಾದವರು ಒಂದು ಸಲ ಮೆಲ್ಲಗೆ ಬಾರಿಸಬಹುದು ಎಂದು ಆಕೆ ಹೇಳಿದರು. ನಾನು ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ನ್ಯಾಮತಿಯವರು ಗಂಟೆಯ ಕೆಳಗೆ ಬಗ್ಗಿ, ಭುಜದವರೆಗೆ ಒಳಗೆ ಹೋಗಿಯಾಗಿತ್ತು.

ಒಳಗಿನಿಂದ ದನಿ ಬಂತು. "ಇದಕ್ಕೆ ನಾಲಿಗೇನೇ ಇಲ್ಲ ಕಣ್ರೀ. ಯಾರೋ ಬಿಚ್ಕೊಂಡು ಹೋಗ್ಯಾರೆ."

ಈ ದೇಶದಲ್ಲೂ ಕಳ್ಳರಿದ್ದಾರೆಂದು ತಿಳಿದು ನಮಗೆ ಒಂದು ಥರದ ಸಮಾಧಾನವೇ ಆಯಿತು. ಆಮೇಲೆ ಆಕೆ ತೋರಿಸಿದರು. ನಾಲಿಗೆ ಹೊರಗಿತ್ತು. ಗಂಟೆಯ ಪಕ್ಕದಲ್ಲಿ ಹಗ್ಗಗಳಿಗೆ ತೂಗುಬಿಟ್ಟ ಮರದ ದಿಮ್ಮಿ. ಅದನ್ನು ಹಿಂದಕ್ಕೆಳೆದು ಬಿಟ್ಟರೆ ಬಂದು ಗಂಟೆಗೆ ಬಡಿಯುತ್ತದೆ. ಯಜಮಾನರು ಇದನ್ನು ಕೇಳಿ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡು, ಹಗ್ಗ ಹಿಡಿದು, ತಮ್ಮ ಮನೆದೇವರನ್ನು ನೆನೆದು, ಮೆಲ್ಲಗೆ ಒಂದು ಸಲ ಬಿಟ್ಟರು. ಕಣ್ಣು ಮುಚ್ಚಿದ್ದರಿಂದ ನ್ಯಾಮತಿಯವರ ಕಾಲುಗಳು ಇನ್ನೂ ಗಂಟೆಯ ಕೆಳಗೇ ಇರುವುದು ಅವರಿಗೆ ಕಾಣಲಿಲ್ಲ.

ಸದ್ದು ದೊಡ್ಡದೇನಲ್ಲ, ಆದರೆ ಉದ್ದ. ಬೆಟ್ಟದವರೆಗೂ ಹೋಗಿ ತಿರುಗಿ ಬಂದ ಹಾಗಿತ್ತು. ಅದು ಪೂರ್ತಿ ಕರಗುವವರೆಗೂ ಆ ಕಾಲುಗಳು ಅಲ್ಲಾಡಲಿಲ್ಲ. ಆಮೇಲೆ ನ್ಯಾಮತಿಯವರು ನಿಧಾನವಾಗಿ ಹೊರಗೆ ಬಂದು, ಟೋಪಿ ಸರಿಮಾಡಿಕೊಂಡು, ನಮ್ಮೆಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದರು. ಆಕೆ ಗಾಬರಿಯಿಂದ ಏನಾಯಿತು, ಹೇಗಿದ್ದೀರಿ ಎಂದೆಲ್ಲ ಕೇಳಿದರು. ನಾನು ಅದನ್ನು ನ್ಯಾಮತಿಯವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ತಿಳಿಸಿದೆ.

"ಹೊರಗಿಂದ ಹೆಂಗಿತ್ತೋ ಗೊತ್ತಿಲ್ಲ," ಅಂದರು ನ್ಯಾಮತಿಯವರು. "ಒಳಗಿಂದ ಚೆನ್ನಾಗಿತ್ತು."

ಕುಂಟೆ ಹೊಡೆದು ಬಿಟ್ಟ ತೋಟ

ಅಲ್ಲಿಂದ ಬಹಳ ಹೆಸರಾದ ತೋಟ ತೋರಿಸುತ್ತೇನೆಂದು ಕರೆದೊಯ್ದರು. ಹೋಗಿ ನೋಡಿದರೆ ಗಿಡವಿಲ್ಲ, ಮರವಿಲ್ಲ, ನೀರಿಲ್ಲ. ಗೋಡೆಯೊಳಗೆ ಒಂದು ಅಂಗಳ, ಅದರ ತುಂಬ ಬಿಳಿ ಜಲ್ಲಿಮರಳು, ನಡುವೆ ಅಲ್ಲಲ್ಲಿ ಬಂಡೆಗಳು. ಮರಳಿನಲ್ಲಿ ಒಂದೇ ಸಮನೆ ಎಳೆದ ಸಾಲುಗಳು. ಮರದ ಜಗಲಿಯಲ್ಲಿ ಜನ ಸಾಲಾಗಿ ಕೂತು ಅದನ್ನೇ ನೋಡುತ್ತಿದ್ದರು. ನಾವೂ ಕೂತೆವು.

ಹತ್ತು ನಿಮಿಷ ಆದ ಮೇಲೆ ನ್ಯಾಮತಿಯವರು, ಶುರುವಾಗುವುದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಆಕೆ ವಿವರಿಸಿದರು: ಮರಳೇ ಇಲ್ಲಿ ನೀರು, ಸಾಲುಗಳೇ ಅಲೆ, ಬಂಡೆಗಳೇ ದ್ವೀಪ, ನೋಡುತ್ತ ಕೂತರೆ ನೀರು ಕಾಣುತ್ತದೆ.

ಜಗಳೂರಿನವರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ನನ್ನ ಕಡೆ ವಾಲಿ ತಗ್ಗಿದ ದನಿಯಲ್ಲಿ ಹೇಳಿದರು. "ನೀರಿಲ್ಲದ ಕಡೆ ನೀರು ಕಾಣಾಕೆ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ನಮ್ಮಪ್ಪ ಬೋರು ತೆಗಿಸಿದ ಜಾಗ ಎಲ್ಲಾ ಹಿಂಗೇ ಐತೆ."

ಆದರೂ ಅವರು ಏಳಲಿಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ಕೂತು ನೋಡಿದವರು ಅವರೇ. ಸಾಲುಗಳನ್ನು ಕಣ್ಣಲ್ಲೇ ಅಳೆದರು. ಎಷ್ಟು ನೆಟ್ಟಗೆ ಕುಂಟೆ ಹೊಡೆದಿದ್ದಾರೆ, ಎತ್ತಿನ ಹೆಜ್ಜೆಯೂ ಇಲ್ಲ ಎಂದು ಮೆಚ್ಚಿದರು. ಕೊನೆಗೆ, ಇಷ್ಟು ಹದ ಮಾಡಿದವರು ಬಿತ್ತದೆ ಯಾಕೆ ಬಿಟ್ಟಿದ್ದಾರೆ ಎಂದು ಕೇಳು ಅಂದರು. ಅಲ್ಲೇ ಇದ್ದ ವಯಸ್ಸಾದ ಸನ್ಯಾಸಿಯೊಬ್ಬರಿಗೆ ಈ ಪ್ರಶ್ನೆ ಎರಡು ಭಾಷೆ ದಾಟಿ ತಲುಪಿತು. ಅವರು ತಲೆಯಾಡಿಸಿದರು. ಇಲ್ಲಿ ಏನನ್ನೂ ಬಿತ್ತುವುದಿಲ್ಲ, ಆದರೆ ಮರಳಿನ ನಡುವೆ ದಿನಾ ಹುಲ್ಲು ಹುಟ್ಟುತ್ತದೆ, ಬೆಳಗಾಗೆದ್ದು ಅದನ್ನು ಕಿತ್ತು ಕಿತ್ತು ಸೊಂಟ ಹೋಗಿದೆ ಎಂದರು.

ಜಗಳೂರಿನವರು ಎದ್ದು ನಿಂತು ಆ ಸನ್ಯಾಸಿಗೆ ಕೈ ಮುಗಿದರು. ಹೊರಗೆ ಬರುವಾಗ ನನಗೆ ಹೇಳಿದರು. "ದೇಶ ಯಾವುದಾದ್ರೇನು. ಬೆಳೆ ಬರ್ಲಿ ಬಿಡ್ಲಿ, ಕಳೆ ಮಾತ್ರ ತಪ್ಪಾಕಿಲ್ಲ."

ಮೀನು ಮತ್ತು ಮಂಡಕ್ಕಿ

ನಾವು ನಾಲ್ವರೂ ಮಾಂಸ ತಿನ್ನದ ಮನೆಯವರು. ಜಪಾನಿನಲ್ಲಿ ನಮ್ಮ ಊಟ ಎಂದರೆ ಬರೀ ಅನ್ನ, ಉಪ್ಪಿನಕಾಯಿ, ಮತ್ತು ಜಗಳೂರಿನವರ ಮನೆಯಿಂದ ಡಬ್ಬಿ ತುಂಬ ಬಂದಿದ್ದ ಖಾರ ಮಂಡಕ್ಕಿ. ಮಧ್ಯಾಹ್ನ ಒಂದು ಕೊಳದ ದಂಡೆಯಲ್ಲಿ ಕೂತು ಅದನ್ನು ಬಿಚ್ಚಿದೆವು. ಆಕೆ ಮುಂದಿನ ದೇವಸ್ಥಾನದ ಟಿಕೇಟು ತರಲು ಹೋಗಿದ್ದರು.

ಕೊಳದಲ್ಲಿ ಕೆಂಪು, ಬಿಳಿ, ಬಂಗಾರದ ಬಣ್ಣದ ದೊಡ್ಡ ದೊಡ್ಡ ಮೀನು. ಸೂಳೆಕೆರೆಯ ಮೀನು ಮನುಷ್ಯರ ನೆರಳು ಕಂಡರೆ ಓಡುತ್ತವೆ. ಇವು ಬಾಯಿ ತೆರೆದುಕೊಂಡು ಹತ್ತಿರ ಬಂದವು. ನ್ಯಾಮತಿಯವರ ಮನಸ್ಸು ಕರಗಿತು. ಒಂದು ಹಿಡಿ ಮಂಡಕ್ಕಿ ಎಸೆದರು. ಮೀನುಗಳು ಒಂದರ ಮೇಲೊಂದು ಬಿದ್ದು ತಿಂದು, ಮತ್ತೆ ಬಾಯಿ ತೆರೆದವು.

ಅಷ್ಟರಲ್ಲಿ ತೋಟ ನೋಡಿಕೊಳ್ಳುವ ಮುದುಕರೊಬ್ಬರು ಬಿರಬಿರನೆ ಬಂದರು. ಒಂದು ಬೋರ್ಡು ತೋರಿಸಿದರು. ನಮಗೆ ಓದಲು ಬರದು. ಮೀನಿನ ಕಡೆ ಕೈ ತೋರಿಸಿ ಅಡ್ಡಡ್ಡ ಆಡಿಸಿದರು, ಮಂಡಕ್ಕಿಯ ಡಬ್ಬಿ ತೋರಿಸಿ ಇನ್ನೇನೋ ಹೇಳಿದರು. ಜಗಳೂರಿನವರು ಒಂದು ಗಳಿಗೆ ಯೋಚಿಸಿ, ಅವರ ಅಂಗೈ ಹಿಡಿದು, ಅದರ ತುಂಬ ಮಂಡಕ್ಕಿ ಸುರಿದರು.

ಮುದುಕರು ಕೈಯನ್ನು ನೋಡಿದರು, ನಮ್ಮನ್ನು ನೋಡಿದರು. ಚೆಲ್ಲಲು ಜಾಗವಿರಲಿಲ್ಲ, ಅವರೇ ಗುಡಿಸಿಟ್ಟ ನೆಲ. ಬಾಯಿಗೆ ಹಾಕಿಕೊಂಡರು. ಮೊದಲು ಏನೂ ಆಗಲಿಲ್ಲ. ಆಮೇಲೆ ಖಾರ ಹತ್ತಿತು. ಕಣ್ಣಲ್ಲಿ ನೀರು ಬಂತು. ನಮ್ಮ ಪಕ್ಕದಲ್ಲೇ ಕೂತು ಮೂಗು ಒರೆಸಿಕೊಂಡರು. ನಾವು ಹೆದರಿದೆವು. ಅವರು ಸುಧಾರಿಸಿಕೊಂಡು ಮತ್ತೆ ಅಂಗೈ ಚಾಚಿದರು.

ಆಕೆ ವಾಪಸು ಬಂದಾಗ ಡಬ್ಬಿಯ ತಳ ಕಾಣುತ್ತಿತ್ತು. ಇವರು ನಿಮಗೆ ಏನು ಹೇಳಿದರು ಎಂದು ಕೇಳಿದರು. ನಾನು ಜಗಳೂರಿನವರ ಮುಖ ನೋಡಿದೆ.

"ಮೀನಿಗೆ ಹಾಕಬ್ಯಾಡ್ರಿ, ನನಗೆ ಹಾಕ್ರಿ ಅಂದಂಗಿತ್ತು," ಅಂದರು ಅವರು.

ಸೊರ್ ಎನ್ನುವ ಮರ್ಯಾದೆ

ಮಧ್ಯಾಹ್ನದ ಮೇಲೆ ತೋಟವೊಂದರ ಪುಟ್ಟ ಮನೆಯಲ್ಲಿ ಚಹ. ಚಾಪೆಯ ಮೇಲೆ ಕೂರಿಸಿ, ಬಟ್ಟಲು ತುಂಬ ಹಸಿರು ನೊರೆ ತಂದಿಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. ನ್ಯಾಮತಿಯವರು ಮೂಸಿ ನೋಡಿ, ಇದು ಚಹ ಅಲ್ಲ, ಬಾಣಂತಿಗೆ ಕೊಡುವ ಕಷಾಯ ಎಂದು ತೀರ್ಮಾನಿಸಿದರು.

ಕುಡಿಯುವುದಕ್ಕೂ ಒಂದು ಪದ್ಧತಿ ಇದೆ ಎಂದು ಆಕೆ ಹೇಳಿಕೊಟ್ಟರು. ಎರಡು ಕೈಯಲ್ಲಿ ಬಟ್ಟಲು ಎತ್ತಬೇಕು, ಸ್ವಲ್ಪ ತಿರುಗಿಸಬೇಕು. ಕೊನೆಯ ಗುಟುಕನ್ನು ಕೇಳಿಸುವ ಹಾಗೆ ಸೊರ್ ಎಂದು ಹೀರಬೇಕು. ಹಾಗೆ ಮಾಡಿದರೆ ಕೊಟ್ಟವರಿಗೆ ಮರ್ಯಾದೆ.

ಯಜಮಾನರು ಇದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಬಟ್ಟಲು ಎತ್ತಿದರು. ಬೇರೆ ಯಾವ ಪದ್ಧತಿಯನ್ನಾದರೂ ಅವರಿಗೆ ಕಲಿಸಬೇಕಾಗಿತ್ತು, ಇದೊಂದನ್ನಲ್ಲ. ಚಹ ಕೊಟ್ಟ ಅಜ್ಜಿ ಸಂತೋಷದಿಂದ ತಲೆ ಬಾಗಿಸಿದಳು. ಯಜಮಾನರ ಮುಖದಲ್ಲಿ, ಹಳೆಯ ಕೇಸು ಗೆದ್ದವರ ಕಳೆ ಬಂತು. ಮದುವೆಯಾದ ಲಾಗಾಯ್ತು ಹೆಂಡತಿ ಇದೇ ಸದ್ದಿಗೆ ಬೈಯುತ್ತಿದ್ದಾಳೆ, ನಾಲ್ಕು ಜನರ ಮುಂದೆ ಚಹ ಕೊಡುವುದನ್ನೇ ಬಿಟ್ಟಿದ್ದಾಳೆ, ನೀವು ಮೂವರೂ ಬಂದು ಸಾಕ್ಷಿ ಹೇಳಬೇಕು ಅಂದರು.

ಊರಿಗೆ ಬಂದ ಮೇಲೆ ಹೋಗಿ ಹೇಳಿದೆವು. ಯಜಮಾನರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ತಾಳ್ಮೆಯವರು. ಎಲ್ಲ ಮುಗಿದ ಮೇಲೆ ಗಂಡನಿಗೆ ಹೇಳಿದರು. "ಹಂಗಾದ್ರೆ ಚಾ ಅಲ್ಲೇ ಹೋಗಿ ಕುಡ್ಕಂಡು ಬರ್ರಿ."

ಟವೆಲಿನ ಗಂಟು

ಸಂಜೆಯ ಕೊನೆಯ ದೇವಸ್ಥಾನ ಸಣ್ಣದು. ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಬಾಗಿಲಲ್ಲಿ ಬೂಟು ಇಡಲು ಮರದ ಗೂಡುಗಳಿದ್ದವು. ನಾವು ಮೂವರು ಇಟ್ಟೆವು. ಯಜಮಾನರು ಇಡಲಿಲ್ಲ.

ಆ ಬೂಟುಗಳ ವಿಷಯ ಹೇಳಬೇಕು. ಅವರ ಮಗಳು ಸಾಸ್ವೆಹಳ್ಳಿಯಲ್ಲಿ ಆಗಷ್ಟೇ ಮೇಷ್ಟ್ರ ಕೆಲಸಕ್ಕೆ ಸೇರಿದ್ದಳು. ಅಪ್ಪ ವಿಮಾನ ಹತ್ತುತ್ತಾನೆಂದು ಮೊದಲ ಸಂಬಳದಲ್ಲಿ ದಾವಣಗೆರೆಯಿಂದ ಕಪ್ಪು ಬೂಟು ತಂದುಕೊಟ್ಟಿದ್ದಳು. ಇವರೋ ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿದವರು. ಬೂಟು ಕಚ್ಚಿ ಹಿಮ್ಮಡಿ ಸುಲಿದರೂ ಒಂದು ದಿನವೂ ಗೊಣಗಲಿಲ್ಲ. ಅವರೂರ ಮಠದ ಬಾಗಿಲಲ್ಲೇ ಎಷ್ಟೋ ಜೊತೆ ಚಪ್ಪಲಿ ಕಳಕೊಂಡ ಅನುಭವ ಅವರದು. ಕೆಂಪು ಅಂಚಿನ ಹೊಸ ಟವೆಲಿನಲ್ಲಿ ಬೂಟುಗಳನ್ನು ನೀಟಾಗಿ ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದರು.

ಒಳಗೆ ಬುದ್ಧನ ಮೂರ್ತಿ, ದೀಪ, ಪಕ್ಕದಲ್ಲಿ ಒಬ್ಬ ವೃದ್ಧ ಸನ್ಯಾಸಿ. ಯಜಮಾನರಿಗೆ ಭಕ್ತಿ ಉಕ್ಕಿತು. ಕಂಕುಳಲ್ಲಿ ಗಂಟಿದ್ದರೆ ಕೈ ಮುಗಿಯಲು ಬರುವುದಿಲ್ಲ. ಅದನ್ನು ಕೆಳಗಿಡೋಣವೆಂದು ಎರಡು ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿದರು. ಆ ದೇಶದಲ್ಲಿ ಕಾಣಿಕೆಯನ್ನು ಬಟ್ಟೆಯಲ್ಲಿ ಕಟ್ಟಿ, ಎರಡು ಕೈಯಲ್ಲಿ ಹಿಡಿದು, ಬಗ್ಗಿಯೇ ಕೊಡುವುದು. ಸನ್ಯಾಸಿ ಎದ್ದು ಬಂದು, ಅಷ್ಟೇ ಬಗ್ಗಿ, ಗಂಟನ್ನು ಎರಡು ಕೈಯಲ್ಲಿ ಈಸಿಕೊಂಡು, ಹಣೆಗೆ ಮುಟ್ಟಿಸಿ, ಒಯ್ದು ಬುದ್ಧನ ಪಾದದ ಬಳಿ ಇಟ್ಟು, ಊದುಬತ್ತಿ ಹಚ್ಚಿ ಮಂತ್ರ ಶುರುಮಾಡಿದರು.

ನಮ್ಮೂರಿನಲ್ಲಾದರೆ ಏನಾಗುತ್ತಿತ್ತು ಎಂದು ನಾಲ್ವರಿಗೂ ಗೊತ್ತು. ನ್ಯಾಮತಿಯವರು ನನ್ನ ಕಿವಿಯಲ್ಲಿ, ಸುಮ್ಮನೆ ಹೋಗಿಬಿಡೋಣ, ಬೂಟು ಹೋದರೆ ಹೋಗಲಿ ಅಂದರು. ಜಗಳೂರಿನವರು ಆಗಲೇ ಬಾಗಿಲ ಕಡೆ ಅರ್ಧ ತಿರುಗಿದ್ದರು. ಯಜಮಾನರ ಕಣ್ಣಲ್ಲಿ ನೀರಾಡುತ್ತಿತ್ತು. ಆದರೆ ಅವರು ಅಲ್ಲಾಡಲಿಲ್ಲ.

"ದೇವರ ಮುಂದೆ ಸುಳ್ಳು ಬ್ಯಾಡ," ಅಂದರು. "ಆ ತಾಯಿಗೆ ಹೇಳಪ್ಪ. ಇದ್ದದ್ದು ಇದ್ದಂಗೆ ಹೇಳು."

ಹೇಳಿದೆ. ಆಕೆಯ ಮುಖ ಹೊರಗಿನ ಎಲೆಗಳ ಬಣ್ಣಕ್ಕೆ ತಿರುಗಿತು. ಮಂತ್ರ ಮುಗಿಯುವವರೆಗೆ ಕಾದು, ನೆಲಕ್ಕೆ ಹಣೆ ಹಚ್ಚಿ ಸನ್ಯಾಸಿಗೆ ತಿಳಿಸಿದರು. ಅವರು ಗಂಟನ್ನು ನೋಡಿದರು. ಆಮೇಲೆ, ಇಷ್ಟು ಜೋಪಾನವಾಗಿ ಕಟ್ಟಿಕೊಂಡು ಬರಬೇಕಾದರೆ ಇದು ಯಾರು ಕೊಟ್ಟದ್ದು ಎಂದು ಕೇಳಿದರು. ಯಜಮಾನರು ಮಗಳ ವಿಷಯ ಹೇಳಿದರು. ಮೊದಲ ಸಂಬಳ ಎಂಬ ಮಾತು ಎರಡು ಭಾಷೆ ದಾಟಿದರೂ ಎಲ್ಲೂ ಸೋರಲಿಲ್ಲ. ಸನ್ಯಾಸಿಯ ಭುಜ ಅಲುಗಾಡತೊಡಗಿತು, ನಗುತ್ತಿದ್ದರು. ಹಾಗಾದರೆ ಇಟ್ಟದ್ದು ಸರಿಯಾದ ಜಾಗದಲ್ಲೇ ಎಂದು ಹೇಳಿ, ಗಂಟನ್ನು ಎತ್ತಿ ಮತ್ತೆ ಎರಡು ಕೈಯಲ್ಲಿ ವಾಪಸು ಕೊಟ್ಟರು.

ಗಂಡಾಂತರ ಕಳೆಯಿತೆಂದು ನಾವು ಹೊರಗೆ ಬಂದು ಬೂಟು ಹಾಕಿಕೊಂಡೆವು. ಯಜಮಾನರು ಗಂಟು ಬಿಚ್ಚಲೇ ಇಲ್ಲ. ಕತ್ತಲಾಗುತ್ತಿದೆ, ಹಾಕಿಕೊಳ್ಳಿ ಎಂದೆ. ದೇವರ ಪಾದದ ಹತ್ತಿರ ಇಟ್ಟು ಪೂಜೆ ಆಗಿರುವುದನ್ನು ಮೆಟ್ಟುವುದು ಹೆಂಗೆ ಎಂದು ನನ್ನನ್ನೇ ಕೇಳಿದರು. ಬರೀ ಕಾಲುಚೀಲದಲ್ಲಿ ಸ್ಟೇಷನ್ನಿನವರೆಗೆ ನಡೆದರು. ಉಳಿದ ದಿನಗಳನ್ನು ಕಾರ್ಖಾನೆಯ ಹಾಸ್ಟೆಲಿನ ಸ್ಲಿಪ್ಪರಿನಲ್ಲಿ ಕಳೆದರು. ವಿಮಾನದಲ್ಲಿ ಗಂಟು ಅವರ ತೊಡೆಯ ಮೇಲಿತ್ತು.

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಕಾಯುತ್ತಿದ್ದಳು. ಅಪ್ಪ ಬಸ್ಸಿಂದ ಇಳಿದ ಕೂಡಲೆ ಅವಳ ಕಣ್ಣು ಹೋದದ್ದು ಕಾಲಿಗೆ. ಸ್ಲಿಪ್ಪರು ಕಂಡು ಮುಖ ಬಾಡಿತು. ಬೂಟು ಏನಾದವಪ್ಪ, ಕಳೆದವಾ ಎಂದು ಕೇಳಿದಳು. ಯಜಮಾನರು ಕಂಕುಳಿಂದ ಗಂಟು ತೆಗೆದು ತೋರಿಸಿದರು. ಅವಳು ಖುಷಿಯಿಂದ ಕೈ ಚಾಚಿದಳು. ಅವರು ಗಂಟನ್ನು ಹಿಂದಕ್ಕೆ ಎಳೆದುಕೊಂಡರು.

"ಮೊದ್ಲು ಕೈ ತೊಳ್ಕಂಡು ಬಾರವ್ವ," ಅಂದರು. "ಪ್ರಸಾದ ಐತೆ."