ತಳ ಹತ್ತಿದ ಪಾತ್ರೆ

ಇದ್ದಿಲಪ್ಪ ಒಲೆಯ ಮುಂದೆಯೇ ನಿಂತಿದ್ದ. ಆದರೂ ಲೆಕ್ಕದ ಗುಂಗಿನಲ್ಲಿ ಹಾಲು ತಳ ಹತ್ತಿತು.

"ಈ ಪಾತ್ರೆ ಯಾರು ತಿಕ್ಕೋದು?" ಹೆಂಡತಿ ಕೇಳಿದಳು.

"ಬಂದು ತಿಕ್ತೀನಿ ಕಣೇ. ಇವತ್ತು ಲ್ಯಾಬಿನ ಯಂತ್ರದ ಸರದಿ ನಂದು. ತಪ್ಪಿದ್ರೆ ಮುಂದಿನ ವರ್ಷವೇ. ಅಲ್ಲೀವರೆಗೂ ನನ್ನ ಪಿಎಚ್‌ಡಿ ಪ್ರಬಂಧ ನೇತಾಡುತ್ತೆ."

"ನೇತಾಡಲಿ ಬಿಡಿ, ಅದಕ್ಕೆ ಅಭ್ಯಾಸ ಆಗಿದೆ."

ಪ್ರಯೋಗಾಲಯದಲ್ಲಿ ಇಂಗಾಲದ ಬಿಲ್ಲೆಗೇ ಗಂಟುಬಿದ್ದವನೆಂದು ಅವನಿಗೆ ಇದ್ದಿಲಪ್ಪನೆಂಬ ಅಡ್ಡಹೆಸರು. ಕೆಲಸ ಇಷ್ಟೆ: ಯಂತ್ರದಿಂದ ಹೊರಟ ಡ್ಯೂಟರಾನುಗಳು ಉದ್ದನೆಯ ಕೊಳವೆಯಲ್ಲಿ ಓಡಿ ಬರುತ್ತವೆ. ಡ್ಯೂಟರಾನ್ ಎಂದರೆ ಹೊಸ ಮದುವೆಯವರಂತೆ ಕೈಹಿಡಿದ ಪ್ರೋಟಾನು, ನ್ಯೂಟ್ರಾನುಗಳ ಜೋಡಿ. ಇಂಗಾಲಕ್ಕೆ ಢಿಕ್ಕಿ ಹೊಡೆದರೆ ಕೈತಪ್ಪಿ, ನ್ಯೂಟ್ರಾನು ಮುನಿಸಿಕೊಂಡು ತವರಿಗೆ ಹೊರಟುಬಿಡುತ್ತದೆ. ಹಾಗೆ ಹೊರಟವನ್ನು ಎಣಿಸಬೇಕು.

"ಕೊಳವೆ ತುದಿ ಒರೆಸಿದ್ಯೇನಪ್ಪ?" ಯಂತ್ರ ನಡೆಸುವ ಅಕ್ಕ ಕೇಳಿದಳು. ಸರದಿ ಮುಗಿಸಿದವರು ಒರೆಸಬೇಕೆಂಬುದು ಅಲ್ಲಿಯ ಕಟ್ಟಳೆ. ಆದರೆ ಮುಂದಿನವರಿಗೆ ಬಿಟ್ಟು ಹೋಗುವುದು ವಾಡಿಕೆ.

"ಹೊತ್ತಿಲ್ಲಕ್ಕಾ."

ಬಿಲ್ಲೆ ಕೂರಿಸಿ, ಕೊಳವೆ ಮುಚ್ಚಿ, ಪಂಪು ಗಾಳಿಯನ್ನೆಲ್ಲ ಹೀರುವುದನ್ನೇ ಕಾಯುತ್ತ ಕೂತ. ಗುರುಗಳು ಬಂದರು.

"ಸ್ವಲ್ಪ ಓರೆಯಾಗಿ ಇಡಬೇಕಿತ್ತು ಕಣಯ್ಯ."

ತೆಗೆದ, ಓರೆಯಿಟ್ಟ, ಮೊದಲಿನಿಂದ ಕಾದ. ಪಕ್ಕದ ಕೋಣೆಯ ಗೆಳೆಯ ಇಣುಕಿದ.

"ಸ್ಕ್ರೂ ಇಷ್ಟು ಬಿಗಿದ್ರೆ ಬಿಲ್ಲೆ ಬಿಸಿಗೆ ಸೀಳುತ್ತೆ ಕಣೋ."

ತೆಗೆದ, ಸಡಿಲಿಸಿದ, ಮತ್ತೆ ಕಾದ. ಸರದಿ ಅರ್ಧ ಕಾಯುವುದರಲ್ಲೇ ಕರಗಿತು.

ಅಂತೂ ಎಣಿಕೆ ಶುರುವಾಯಿತು. ನ್ಯೂಟ್ರಾನುಗಳು ಶಾಲೆ ಬಿಟ್ಟ ಮಕ್ಕಳಂತೆ ನುಗ್ಗಿದವು.

"ನೋಡಿದ್ಯಾ, ಓರೆಯ ಮಹಿಮೆ," ಎಂದರು ಗುರುಗಳು.

"ಸಡಿಲದ್ದು ಸಾರ್," ಎಂದ ಗೆಳೆಯ.

ಇದ್ದಿಲಪ್ಪ ಆಗಲೇ ಮನಸ್ಸಿನಲ್ಲಿ ಪ್ರಬಂಧದ ಕೊನೆಯ ಪುಟ ತಲುಪಿ ಹೆಂಡತಿಗೆ ಕೃತಜ್ಞತೆ ಬರೆಯುತ್ತಿದ್ದ.

ಸರದಿ ಮುಗಿಸಿ ಕೊಳವೆ ಬಿಚ್ಚಿದರೆ ಬಿಲ್ಲೆಯ ಚೌಕಟ್ಟು ಖಾಲಿ. ಸ್ಕ್ರೂ ಸಡಿಲಾಗಿ ಬಿಲ್ಲೆ ಎಣಿಕೆಗೆ ಮೊದಲೇ ಕೆಳಗುರುಳಿ, ಹಾಲು ಕುಡಿದ ಬೆಕ್ಕಿನಂತೆ ಹಾಯಾಗಿ ಮಲಗಿತ್ತು. ಮೈಮೇಲೆ ಒಂದು ಗೀರೂ ಇಲ್ಲ.

"ಹಾಗಾದ್ರೆ ಇಷ್ಟೊತ್ತು ಬಂದ ನ್ಯೂಟ್ರಾನು ಯಾರ ಮನೇದು?" ಅವನು ಕೊಳವೆಯೊಳಗೆ ಇಣುಕಿದ.

ಅಕ್ಕ ಟಾರ್ಚು ಬಿಟ್ಟಳು. ಕೊಳವೆಯ ತುದಿ ಕರ್ರಗಿತ್ತು. "ಪಂಪಿನ ಎಣ್ಣೆಯ ಹಬೆ ಸುಟ್ಟು ಸುಟ್ಟು ಮಸಿ ಕಟ್ಟಿದೆ. ಬಿಲ್ಲೆ ಬಿದ್ಮೇಲೆ ಡ್ಯೂಟರಾನುಗಳು ಇದಕ್ಕೇ ಢಿಕ್ಕಿ ಹೊಡೆದಿವೆ. ಮಸೀನೂ ಇಂಗಾಲವೇ ತಾನೆ? ಅದರಲ್ಲಿ ಇನ್ನೇನೇನು ಬೆರೆತಿದೆಯೋ, ದೇವರಿಗೇ ಗೊತ್ತು."

ಏನು ಬೆರೆತಿದೆಯೆಂದು ತಿಳಿಯದ ಮಸಿಯ ಎಣಿಕೆ ಯಾವ ಪ್ರಬಂಧಕ್ಕೂ ಆಗದು. ಗುರುಗಳು ಕೆಮ್ಮಿದರು. ಆ ಯಂತ್ರದ ಮೊಟ್ಟಮೊದಲ ಸರದಿಯೂ ಮೊದಲ ಮಸಿಯೂ ಅವರದೇ ಆಗಿತ್ತು.

"ಕಟ್ಟಳೆ ಅಂದ್ಮೇಲೆ ಕಟ್ಟಳೆ ಕಣಯ್ಯ. ಸರದಿ ಮುಗಿಸಿದವನೇ ಒರೆಸಬೇಕು."

ಎಲ್ಲರೂ ವರ್ಷಗಟ್ಟಲೆ ಬಿಟ್ಟುಹೋದ ಮಸಿಯನ್ನು ಒಬ್ಬನೇ ತಿಕ್ಕಿ, ಮೊಣಕೈವರೆಗೆ ಕಪ್ಪಾಗಿ ಮನೆ ಸೇರಿದ. ಹೆಂಡತಿ ಅವನ ಮುಖ ನೋಡಿದಳು. ಬಿಸಿನೀರು ತಂದಿಟ್ಟಳು. ಅವನು ಕೈ ಅದ್ದುವಷ್ಟರಲ್ಲಿ ಮೆಲ್ಲಗೆ ತಡೆದಳು.

"ಇರಿ, ಈಗಲೇ ತೊಳೀಬೇಡಿ. ಹೇಗೂ ಕೈ ಮಸಿಯಾಗಿದೆ. ಆ ಹಾಲಿನ ಪಾತ್ರೆನೂ ತಿಕ್ಕಿಬಿಡಿ."